ಹತ್ತನೆಯವನನ್ನು ತಡೆದ ಬಾಗಿಲು

ಮುಂಬಯಿ, 2164ನೇ ಇಸವಿ, ಕಡಲು ಊರೊಳಗೆ ಬಂದ ಎಂಬತ್ತೊಂದನೇ ವರ್ಷ, ನವೆಂಬರ್ ಒಂಬತ್ತು

ಹಾಯಿಪಟದ ಬೀದಿಯ ಸಿನಗಾಗಿನ ಪರಂಪರೆ ಸಮಿತಿಯ ಐವರು ಸದಸ್ಯರಿಗೆ,

2027ರ ಮಾರ್ಚ್ ಹದಿನಾಲ್ಕರಂದು ನೀವೊಂದು ನಿಯಮಕ್ಕೆ ಸಹಿ ಹಾಕಿದಿರಿ. ಸಾಂಸ್ಕೃತಿಕ ಕಾರ್ಯಕ್ರಮ ನಡೆಯುವಾಗ ಮುನ್ನೂರು ಜನ ತುಂಬಿದೊಡನೆ ಬಾಗಿಲು ಮುಚ್ಚಬೇಕು, ಮುಗಿಯುವವರೆಗೆ ಯಾರಿಗೂ ತೆರೆಯಬಾರದು, ಪ್ರಾರ್ಥನೆಗೆ ಬಂದವರಿಗೂ. ಮೊನ್ನೆ ಆ ನಿಯಮ ಸತ್ತವನೊಬ್ಬನಿಗೆ ಸಲ್ಲಬೇಕಾದ ಪ್ರಾರ್ಥನೆಯನ್ನು ಕಸಿದುಕೊಂಡಿತು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಕೋಪಕ್ಕೆ ಮಾತ್ರ ಕ್ಷಮೆ ಕೇಳಲಾರೆ. ಹಿಂದಂಚೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು, ಒಬ್ಬನಿಗೆ ಬದುಕಿನಲ್ಲಿ ಒಮ್ಮೆ ಸಿಗುತ್ತದೆ. ಅದನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಬೀದಿ ಈಗ ಕಾಲುವೆ. ಅಂಗಡಿಗಳೆಲ್ಲ ಎರಡನೇ ಮಹಡಿಗೆ ಹತ್ತಿವೆ, ಮನೆಯಿಂದ ಮನೆಗೆ ಹಲಗೆಯ ಸೇತುವೆಗಳಿವೆ, ಹಾಲಿನವನು ದೋಣಿಯಲ್ಲಿ ಬಂದು ಗಂಟೆ ಹೊಡೆಯುತ್ತಾನೆ. ಎತ್ತರದ ಜಗುಲಿಯ ಮೇಲಿರುವುದರಿಂದ ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಉಳಿದಿದೆ. ಅದರ ಎದುರಿನ ಕಟ್ಟಡದಲ್ಲಿ ನಮ್ಮದು ಆರು ತಲೆಮಾರಿನ ಇಡ್ಲಿ ಹೋಟೆಲು. ನಾನು ಯೆಹೂದ್ಯನಲ್ಲ. ಆದರೆ ಆ ಹಸಿರು ಗಾಜಿನ ಕಿಟಕಿಗಳೊಳಗಿಂದ ಬರುವ ಹಾಡು ಕೇಳುತ್ತಲೇ ಬೆಳೆದವನು. ಇಲ್ಲಿನ ಯೆಹೂದ್ಯರಾದ ಬೇನೆ ಇಸ್ರೇಲ್ ಜನ ಕೊಂಕಣದಲ್ಲಿ ಎಣ್ಣೆ ತೆಗೆಯುತ್ತಿದ್ದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಶನಿವಾರದ ಗಾಣಿಗರೆಂದು ಹೆಸರಾದವರು. ಅವರಲ್ಲಿ ಈ ಊರಿನ ಸುತ್ತ ಉಳಿದಿರುವ ಗಂಡಸರು ಹತ್ತೇ ಮಂದಿ. ಸತ್ತವರಿಗಾಗಿ ಹೇಳುವ ಕದ್ದಿಶ್ ಎಂಬ ಪ್ರಾರ್ಥನೆಗೆ ಈ ಸಿನಗಾಗಿನಲ್ಲಿ ಹತ್ತು ಯೆಹೂದ್ಯ ಗಂಡಸರು ಒಂದೇ ಕಡೆ ಕೂಡಲೇಬೇಕು. ಒಂಬತ್ತಾದರೆ ಹೇಳುವಂತಿಲ್ಲ.

ಇಲ್ಲಿ ನಲವತ್ತು ವರ್ಷ ಹಾಡಿದ ಹಸ್ಕೇಲ್ ವಾಕ್ರುಳ್ಕರ್ ತೀರಿಕೊಂಡು ಮೊನ್ನೆಗೆ ವರ್ಷ. ಮಕ್ಕಳಿಲ್ಲ. ತಂಗಿ ಸೆಗುಲ್ಲಾಬಾಯಿ ಸೂರ್ಯ ಮುಳುಗುವುದರೊಳಗೆ ಕದ್ದಿಶ್ ಹೇಳಿಸಬೇಕೆಂದು ಒಬ್ಬೊಬ್ಬರ ಮನೆಗೂ ಹೋಗಿ ಕರೆದಿದ್ದರು. ಒಂಬತ್ತು ಜನ ಬೇಗನೆ ಬಂದು, ಪ್ರಾರ್ಥನೆಗೆಂದು ಬಿಟ್ಟುಕೊಟ್ಟಿರುವ ಹಿಂದಿನ ಕಿರುಕೋಣೆಯಲ್ಲಿ ಕುಳಿತಿದ್ದರು. ಬೀದಿಯತ್ತ ಒಂದು ಕಿಟಕಿಯೂ ಇಲ್ಲದ ಕೋಣೆ ಅದು. ಹತ್ತನೆಯವರು ಠಾಣೆಯ ರೂಬೆನ್ ತಳ್ಕರ್. ಅವರ ದೋಣಿ ತಡವಾಯಿತು. ಅವರು ಮೆಟ್ಟಿಲೇರುವಷ್ಟರಲ್ಲಿ ಸಂಗೀತದ ಸಂಜೆ ಶುರುವಾಗಿ, ಮುನ್ನೂರು ಜನ ತುಂಬಿ ಬಾಗಿಲು ಮುಚ್ಚಿತ್ತು. ಆ ಒಂಬತ್ತು ಜನರೂ ಮುನ್ನೂರರ ಎಣಿಕೆಯಲ್ಲೇ ಸೇರಿದ್ದರು.

ನಾನು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿದ್ದೆ. ಹುಬ್ಬಳ್ಳಿಯ ರೈಲ್ವೆ ಮನೆತನದಲ್ಲಿ ಹುಟ್ಟಿದ ಸೆಗುಲ್ಲಾಬಾಯಿ ವಿಜಯಪುರದ ಕಾವಲುಗಾರ ಸಿದ್ರಾಮನ ಮುಂದೆ ನಿಂತು ಅಂಗಲಾಚುತ್ತಿದ್ದರು.

"ಸಿದ್ರಾಮಾ, ಒಬ್ಬಾಂವ ಬೇಕೋ, ಒಬ್ಬನ ಒಬ್ಬಾಂವ. ಮುನ್ನೂರ ಮಂದಿ ಕುಂತಾರ, ನನಗ ಹತ್ತು ಮಂದಿ ಸಿಗವಲ್ರು."

"ನಾ ಏನ್ ಮಾಡ್ಲಿ ಬಾಯಾರ, ಈ ಬಾಗಲಾ ನನ್ನ ಮಾತ್ ಕೇಳಂಗಿಲ್ರಿ. ತಾನ ಎಣಸತೈತಿ, ತಾನ ಮುಚ್ಚತೈತಿ."

ಮುಚ್ಚಿದ ಬಾಗಿಲಾಚೆಯಿಂದ ರೂಬೆನ್ ಕೂಗಿದರು. "ಎಪ್ಪತ್ತೆಂಟು ವರ್ಷ ಆ ಬೆಂಚು ಸವೆಸಿದವನು ನಾನು! ಸತ್ತಮೇಲೆ ಬಂದ್ರೆ ಬಿಡ್ತೀರೇನಪ್ಪಾ? ಹಾಗಾದ್ರೆ ಇಲ್ಲೇ ಮಲಗ್ತೀನಿ, ಎತ್ಕೊಂಡು ಹೋಗಿ ವೇದಿಕೆ ಮೇಲಿಡಿ!"

ನಾನೆದ್ದು ನನ್ನ ಜಾಗ ಅವರಿಗೆ ಕೊಡಿ ಎಂದೆ. ಸಿದ್ರಾಮ ತಲೆಯಾಡಿಸಿದ. ಮುಚ್ಚಿದ ಬಾಗಿಲು ಹೊರಗೂ ಬಿಡುವುದಿಲ್ಲ. ಹಳೆಯ ತೇಗಕ್ಕೆ ಉಪ್ಪುಗಾಳಿ ತಾಗಬಾರದಂತೆ. ಮರದ ಬಗ್ಗೆ ನಿಮಗಿದ್ದ ಕಾಳಜಿ ಮೆಚ್ಚತಕ್ಕದ್ದು.

ಆ ಹೊತ್ತಿಗೆ ವೇದಿಕೆಯ ಮೇಲೆ ಉಪನ್ಯಾಸಕಿಯೊಬ್ಬಳು ಶನಿವಾರದ ಗಾಣಿಗರ ಕಥೆಯನ್ನು ಕಣ್ಣೊದ್ದೆ ಮಾಡಿಕೊಂಡು ಹೇಳಿ ಮುಗಿಸಿದಳು. ಆ ಗಾಣಿಗರ ಮೊಮ್ಮಕ್ಕಳು ಗೋಡೆಯಾಚೆ ಗಡಿಯಾರ ನೋಡುತ್ತ ಕುಳಿತಿದ್ದರು. ಆಮೇಲೆ ದನಿಗನ್ನಡಿಯನ್ನು ತಂದಿಟ್ಟರು. ಸತ್ತವರ ಹಳೆಯ ಧ್ವನಿಮುದ್ರಣಗಳಿಂದ ಅವರ ಕಂಠವನ್ನು ಮತ್ತೆ ಕಟ್ಟುವ ಯಂತ್ರ ಅದು. ಅದು ಹಸ್ಕೇಲನ ಕಂಠದಲ್ಲಿ ಕದ್ದಿಶ್ ಹಾಡಿತು. ನಡುನಡುವೆ ಜನ ಹೇಳಬೇಕಾದ ಆಮೆನ್ ಅನ್ನೂ ತಾನೇ ಹೇಳಿಕೊಂಡಿತು. ಟಿಕೆಟಿನ ಜನ ಚಪ್ಪಾಳೆ ತಟ್ಟಿದರು. "ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ಯಂತ್ರ ಮತ್ತೆ ಹಾಡಿತು.

ಸೆಗುಲ್ಲಾಬಾಯಿ ಅಳಲಿಲ್ಲ. ಹಸಿರು ಗಾಜು ಕಪ್ಪಾಗುವುದನ್ನೇ ನೋಡುತ್ತಿದ್ದರು. ಪೂರ್ತಿ ಕಪ್ಪಾದ ಮೇಲೆ, "ಆತು, ದಿನಾ ಹೋತು," ಎಂದು ಬಾಗಿಲ ಒಳಬದಿಯ ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ಬಾಗಿಲು ತಾನಾಗಿಯೇ ತೆರೆದುಕೊಂಡಿತು.

ಮರುದಿನವೇ ಪತ್ರಾಗಾರಕ್ಕೆ ಹೋಗಿ ನಿಮ್ಮ ಆ ದಿನದ ನಡಾವಳಿ ಓದಿದೆ. ಬೆಂಚಿನ ಬಣ್ಣದ ಬಗ್ಗೆ ನಾಲ್ಕು ಪುಟ ಚರ್ಚೆ. ಈ ನಿಯಮದ ಬಗ್ಗೆ ಇರುವುದು ಎರಡೇ ಪದ: "ಚರ್ಚೆಯಿಲ್ಲದೆ ಅಂಗೀಕಾರ". ನಮ್ಮ ಕಾಲದ ಸಮಿತಿ ಅದೇ ಎರಡು ಪದಗಳನ್ನು ಸೆಗುಲ್ಲಾಬಾಯಿಗೆ ತೋರಿಸಿ, ಹಿರಿಯರು ಮಾಡಿದ್ದನ್ನು ತಿದ್ದಲು ತಾವು ಯಾರು ಎಂದು ಕೈಮುಗಿದುಬಿಟ್ಟಿತು. ಮುಂದಿನ ವರ್ಷ ಅದೇ ದಿನಕ್ಕೆ ಆಗಲೇ ಇನ್ನೊಂದು ಸಂಗೀತದ ಸಂಜೆ ಗೊತ್ತಾಗಿದೆ. ರೂಬೆನ್‌ಗೆ ಆಗ ಎಪ್ಪತ್ತೊಂಬತ್ತು.

ಆದ್ದರಿಂದ ಹಿರಿಯರನ್ನೇ ಕೇಳುತ್ತಿದ್ದೇನೆ. ಪ್ರಾರ್ಥನೆಗಾಗಿ ಕಟ್ಟಿದ ಮನೆಯಲ್ಲಿ ಪ್ರಾರ್ಥನೆಗೆ ಬಂದವನನ್ನು ಹೊರಗೆ ನಿಲ್ಲಿಸುವ ಅಧಿಕಾರ ನಿಮಗೆ ಕೊಟ್ಟವರು ಯಾರು? ಸಮಿತಿಯ ಹೆಸರಿನ ಮರೆಯಲ್ಲಿ ನಿಂತು ಉತ್ತರಿಸಬೇಡಿ. ನಿಮ್ಮ ಊರಿನ ದಿನಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ, ನಮ್ಮ ಪತ್ರಾಗಾರದಲ್ಲಿ ನನಗೂ ಸಿಗುವ ಹಾಗೆ, ಐದು ಜನವೂ ನಿಮ್ಮ ನಿಮ್ಮ ಹೆಸರು ಹಾಕಿ ಉತ್ತರ ಕೊಡಿ.