ಬಿಸಿಲು ಬೀಳದ ಜಾಗ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ,
ನಡುಮಧ್ಯಾಹ್ನ, ದೀಪ ಹಾಕಿಕೊಂಡು

ಪ್ರೀತಿಯ ಅತ್ತೆಗೆ, ನಿಮ್ಮ ಹಿರಿಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ಮೈದುನನ ಮನೆಯಲ್ಲಿ ಮೆಟ್ಟಿಲು ಹತ್ತುವ ಕಾಟವಿಲ್ಲವಲ್ಲ, ಸ್ವಲ್ಪ ಹಗುರಾಗಿರಬೇಕು ಎಂದುಕೊಂಡಿದ್ದೇನೆ. ಓರಗಿತ್ತಿ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೋ, ಇಲ್ಲ ನೀವು ಇಲ್ಲಿ ಮಾಡುತ್ತಿದ್ದಂತೆ ದಿಂಬಿನ ಕೆಳಗೆ ಬಚ್ಚಿಟ್ಟು ಅವಳಿಗೂ ಟೋಪಿ ಹಾಕುತ್ತಿದ್ದೀರೋ? ಕಾಗದ ಕಂಡು ಗಾಬರಿಯಾಗಬೇಡಿ. ಫೋನ್ ಮಾಡಬಹುದಿತ್ತು. ಆದರೆ ಮೆಲ್ಲಗೆ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ, ಜೋರಾಗಿ ಮಾತಾಡಿದರೆ ನಿಮ್ಮ ಮಗನಿಗೆ ಕೇಳಿಸುತ್ತದೆ, ಅವರು ಹೊರಗೆ ಹೋದರೆ ಫೋನೂ ಅವರ ಜೊತೆಗೇ ಹೋಗುತ್ತದೆ. ಪಕ್ಕದ ಮನೆಯ ಟೈಲರಮ್ಮ ಸಂಜೆ ಹೊಲಿಗೆಯ ಬಟ್ಟೆ ಒಯ್ಯಲು ಬರುತ್ತಾಳೆ, ಅದರ ಮಡಿಕೆಯಲ್ಲಿ ಇದನ್ನು ಸೇರಿಸಿ ಕಳಿಸುತ್ತೇನೆ, ಅವಳೇ ಅಂಚೆಗೆ ಹಾಕುತ್ತಾಳೆ.

ಸುತ್ತಿ ಬಳಸಿ ಹೇಳುವುದು ನಿಮಗೆ ಹಿಡಿಸುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. ಕಳೆದ ಕೆಲವು ತಿಂಗಳಿಂದ ನಾನು ಹಗಲಲ್ಲಿ ಹೊಸ್ತಿಲು ದಾಟಿದ್ದು ಒಂದೇ ಸಲ. ನನಗೆ ಹೊರಗೆ ಹೋಗಬೇಕಾಗಿದೆ, ಹಗಲಲ್ಲೇ ಹೋಗಬೇಕಾಗಿದೆ. ನಿಮ್ಮ ಮಗ ಬಿಡುತ್ತಿಲ್ಲ. ಬೈಯುವುದಿಲ್ಲ, ಕೈ ಎತ್ತುವುದಿಲ್ಲ, ಬೀಗವನ್ನೂ ಹಾಕಿಲ್ಲ. ಬೀಗ ಹಾಕಿದ್ದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಒಡೆದು ಹೋಗುತ್ತಿದ್ದೆ. ಇದು ಪ್ರೀತಿ, ನುಂಗಲೂ ಆಗದು ಉಗುಳಲೂ ಆಗದು.

ಅವರ ಬಿಸಿಲಭಕ್ತಿ ನಿಮ್ಮಿಂದಲೇ ಬಂದದ್ದಲ್ಲವೇ? ಹಸುಗೂಸಾಗಿದ್ದಾಗಲೇ ಬೆಳಗಿನ ಬಿಸಿಲಿಗೆ ಮಲಗಿಸಿ ಬೆಳೆಸಿದಿರಿ. ಅದು ಎಳೆಬಿಸಿಲು ಎನ್ನುವುದನ್ನು ಮರೆತು, ಮಗರಾಯರು ಈಜುಕೊಳದ ಮೇಷ್ಟರಾದ ಮೇಲೆ ನೆತ್ತಿ ಸುಡುವ ಹೊತ್ತಿನಲ್ಲೂ ಬರಿಮೈಯಲ್ಲಿ ನಿಂತರು. ಕೊಳದ ಹುಡುಗರು ಹೆಗಲು ಉರಿಯುತ್ತದೆ ಎಂದರೆ, ಸುಟ್ಟ ಇಟ್ಟಿಗೆ ಮತ್ತೆ ಸುಡಲ್ಲ ಕಣ್ರೋ, ಒಂದು ಸಲ ಕಪ್ಪಗಾಗಿ, ಆಮೇಲೆ ಏನೂ ತಾಗಲ್ಲ ಎನ್ನುತ್ತಿದ್ದರು. ಮೋಡ ಕವಿದರೆ ಟೋಪಿಯನ್ನೂ ತೆಗೆದಿಡುತ್ತಿದ್ದರು. ನಮ್ಮ ಬಣ್ಣವೇ ನಮಗೆ ಕೊಡೆ, ಚರ್ಮದ ಕಾಯಿಲೆಯೆಲ್ಲ ಬೆಳ್ಳಗಿರುವವರಿಗೆ ಎಂದು ಊಟಕ್ಕೆ ಕೂತಾಗಲೂ ಪಾಠ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಾಲ್ಕನೆಯದನ್ನು ಎಣಿಸಲು ನಾನೂ ಹೋಗಲಿಲ್ಲ.

ಕೊಳದ ಗೇಟಿನಲ್ಲಿ ಟಿಕೆಟ್ ಹರಿಯುವ ಅವರ ಗೆಳೆಯ ನಿಮಗೆ ನೆನಪಿರಬೇಕು, ನಾವೆಲ್ಲ ಟಿಕೆಟಣ್ಣ ಎನ್ನುವುದು. ಅವರ ಮೂಗಿನ ಪಕ್ಕ ಒಂದು ಸಣ್ಣ ಗಂಟು ಎದ್ದು, ಹುಣ್ಣಾಗಿ, ವಾಸಿಯಾಗದೆ ಉಳಿಯಿತು. ನಿಮ್ಮ ಮಗ ಕೊಟ್ಟ ಔಷಧ ಏನು ಗೊತ್ತೇ? ಬಿಸಿಲು. ಹಸಿ ಗಾಯ, ಬಿಸಿಲಿಗೆ ಒಡ್ಡಿದರೆ ಒಣಗುತ್ತದೆ ಎಂದು ಮಧ್ಯಾಹ್ನದ ಬಿಡುವಿನಲ್ಲಿ ಅವರನ್ನು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಒಣಗಿದಂತೆ ಕಾಣುವುದು, ಮತ್ತೆ ಒಸರುವುದು. ಕೊನೆಗೆ ಟಿಕೆಟಣ್ಣನ ಹೆಂಡತಿ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಕ್ಯಾನ್ಸರ್ ಎಂದರು. ಮೂಗಿನ ಒಂದು ಚೂರು ಕತ್ತರಿಸಿ, ಕಿವಿಯ ಹಿಂದಿನ ಚರ್ಮ ತಂದು ಹೊಲಿದರು. ದೇವರು ದೊಡ್ಡವನು, ಮನುಷ್ಯ ಈಗ ಗುಂಡುಕಲ್ಲಿನ ಹಾಗಿದ್ದಾರೆ. ಆದರೆ ಬ್ಯಾಂಡೇಜು ಕಟ್ಟಿದ ಆ ಮುಖ ನೋಡಿ ಬಂದ ದಿನ ನಿಮ್ಮ ಮಗ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತರು. ನಾನೇ ಅವನನ್ನ ಬಿಸಿಲಲ್ಲಿ ಕೂರಿಸಿದೆ ಕಣೇ ಎಂದರು.

ನಾನೇ ಬಲವಂತ ಮಾಡಿ ನಿಮ್ಮ ಮಗನನ್ನು, ಟಿಕೆಟಣ್ಣನನ್ನು ನೋಡಿದ ಚರ್ಮದ ಡಾಕ್ಟರ ಹತ್ತಿರವೇ ಕರೆದೊಯ್ದೆ. ಡಾಕ್ಟರು ದೀಪ ಹಿಡಿದು ಮೈಯೆಲ್ಲ ನೋಡಿ, ಏನೂ ಇಲ್ಲ, ನಡುಮಧ್ಯಾಹ್ನ ನೆರಳಲ್ಲಿರಿ, ತುಂಬುತೋಳಿನ ಅಂಗಿ ಹಾಕಿ, ಮೋಡವಿದ್ದರೂ ಟೋಪಿ ಬಿಡಬೇಡಿ ಎಂದರು. ಯಾವ ಬಣ್ಣದವರಿಗೂ ಬರಬಹುದು ಎಂದೂ ಹೇಳಿದರು. ಅಷ್ಟು ಕೇಳಿದ್ದೇ ತಡ, ಇವರು ಪೂರ್ತಿ ಮಾತು ಮುಗಿಯುವ ಮೊದಲೇ ಎದ್ದು ಹೊರಗೆ ಹೋಗಿ ಆಟೋ ಹುಡುಕಿದರು.

ಈಗ ನಮ್ಮ ಮನೆ ನೋಡಿದರೆ ನೀವು ಬಾಗಿಲಲ್ಲೇ ಎಡವುತ್ತೀರಿ. ಕಿಟಕಿಗಳಿಗೆ ಒಳಗಿನಿಂದ ಕಪ್ಪು ಬಟ್ಟೆ, ಅದರ ಮೇಲೆ ರಟ್ಟು. ಗಾಜಿನಿಂದಲೂ ಬಿಸಿಲು ತೂರುತ್ತದೆಯಂತೆ. ಎದುರುಮನೆಯ ಬಿಳಿ ಗೋಡೆಗೆ ಬಡಿದು ನಮ್ಮ ಅಡುಗೆಮನೆಗೆ ಬರುತ್ತದೆಯಂತೆ. ಒಗೆದ ಬಟ್ಟೆ ನಡುಮನೆಯಲ್ಲೇ ಹಗ್ಗದ ಮೇಲೆ, ಒಣಗುವ ಹೊತ್ತಿಗೆ ಮುಗ್ಗಲು ವಾಸನೆ. ನಾನು ಮಹಡಿಯ ಮೇಲೆ ಬೆಳೆಸಿದ್ದ ಗಿಡಗಳಿಗೆ ಕತ್ತಲಾದ ಮೇಲೆ ಅವರೇ ನೀರು ಹಾಕಿ ಬರುತ್ತಾರೆ, ಹೂವು ಬಿಟ್ಟಿದೆಯೇ ಎಂದು ಕೇಳಿದರೆ ಕಾಣಿಸಲಿಲ್ಲ ಎನ್ನುತ್ತಾರೆ. ಕೊಳದಲ್ಲಿ ಸಂಜೆಯ ಪಾಠ ಮಾತ್ರ ಉಳಿಸಿಕೊಂಡಿದ್ದಾರೆ. ಟಿಕೆಟಣ್ಣ ಒಂದು ದಿನ ಅಗಲ ಟೋಪಿ ಹಾಕಿಕೊಂಡು ಹಾಡುಹಗಲೇ ಬಂದು, ಬಾರೋ ಮಾರಾಯ, ಮೂಗು ಹೋದವನೇ ಓಡಾಡ್ತಿದ್ದೀನಿ ಎಂದು ಬಾಗಿಲು ಬಡಿದರು. ಇವರು ಒಳಗೆ ಉಸಿರು ಬಿಗಿಹಿಡಿದು ಕೂತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು.

ಪ್ರತಿ ಸಂಜೆ ಟಾರ್ಚು ಹಿಡಿದು ನನ್ನ ಮುಖ, ಕುತ್ತಿಗೆ, ತೋಳು ತಪಾಸಣೆಯಾಗುತ್ತದೆ. ಇದ್ದ ಮಚ್ಚೆಗಳೆಲ್ಲ ಅವರಿಗೆ ಬಾಯಿಪಾಠ. ನನ್ನನ್ನು ನೋಡಲು ಬಂದ ದಿನ ನೀವು ಅಂದಿದ್ದಿರಿ, ಹುಡುಗಿ ಸ್ವಲ್ಪ ಬಣ್ಣ ಕಡಿಮೆ, ಮನೆಯೊಳಗಿದ್ದರೆ ತಿಳಿಯಾಗುತ್ತಾಳೆ ಎಂದು. ಇಲ್ಲ ಅತ್ತೆ, ಬೆಳ್ಳಗಾಗಿಲ್ಲ, ಬಿಳಿಚಿಕೊಂಡಿದ್ದೇನೆ ಅಷ್ಟೆ. ಕೋಪದಿಂದ ಹೇಳುತ್ತಿಲ್ಲ. ಆಮೇಲೆ ನನ್ನನ್ನು ಮಗಳಿಗಿಂತ ಹೆಚ್ಚು ನೋಡಿಕೊಂಡವರೂ ನೀವೇ.

ಹೊಸ್ತಿಲು ದಾಟಿದ ಆ ಒಂದು ಸಲ ಏನಾಯಿತೆಂದರೆ, ಬೆಳಿಗ್ಗೆ ಅವರು ಮಲಗಿದ್ದಾಗ ಚಪ್ಪಲಿ ಹಾಕಿಕೊಂಡು ಹೊರಟೆ. ಬೀದಿಯ ತಿರುವು ಮುಟ್ಟಿರಲಿಲ್ಲ. ತಲೆಯ ಮೇಲೆ ಹೊದಿಕೆ ಹೊದ್ದು, ಕೈಯಲ್ಲಿ ಕೊಡೆ ಹಿಡಿದು, ಬರಿಗಾಲಲ್ಲಿ ಓಡಿ ಬಂದರು. ಆ ಕೊಡೆಯನ್ನು ನನ್ನ ಮೇಲೆ ಹಿಡಿದರು. ಹಾಲಿನವನು, ಟೈಲರಮ್ಮ, ಎಲ್ಲರೂ ನಿಂತು ನೋಡಿದರು. ನಾನು ತಿರುಗಿ ಬಂದೆ. ಆ ದಿನವೂ ಮರುದಿನವೂ ಅವರು ಅನ್ನ ಮುಟ್ಟಲಿಲ್ಲ. ನಿನಗೂ ಏನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ ಎಂದೊಂದೇ ಮಾತು. ಹೀಗೆ ಕೇಳುವ ಮನುಷ್ಯನನ್ನು ತಳ್ಳಿ ಹೋಗುವುದು ಹೇಗೆ ಹೇಳಿ.

ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿದೆ. ಬೆಳಗು ಯಾವುದು, ಬೈಗು ಯಾವುದು ಎಂದು ಗಡಿಯಾರ ಕೇಳಿ ತಿಳಿಯಬೇಕು. ನಿಮ್ಮ ಮಗ ನನ್ನ ಮಾತಿಗೆ ಜಗ್ಗುವವರಲ್ಲ, ಟಿಕೆಟಣ್ಣನಿಗೆ ಬಾಗಿಲನ್ನೇ ತೆಗೆಯುವುದಿಲ್ಲ. ನೀವು ಗದರಿದರೆ ಮಾತ್ರ ಈಗಲೂ ತಲೆ ತಗ್ಗಿಸುತ್ತಾರೆ. ಮಂಡಿನೋವಿನವರನ್ನು ಕರೆಯಬಾರದು, ಗೊತ್ತು. ಆದರೂ ಕರೆಯುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ನಾನು ಹೆಗಲು ಕೊಡುತ್ತೇನೆ.

ಮೈದುನನಿಗೂ ಓರಗಿತ್ತಿಗೂ ಕೇಳಿದೆನೆಂದು ಹೇಳಿ. ಈ ಕಾಗದವನ್ನು ಅವಳಿಂದ ಓದಿಸಿಕೊಳ್ಳಬೇಡಿ, ಕನ್ನಡಕ ಹುಡುಕಿ ನೀವೇ ಓದಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿಮ್ಮ ಕಪ್ಪು ಸೊಸೆ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬಂದಿರಲಿಲ್ಲ. ನನ್ನ ಎಡ ಅಂಗಾಲಿನಲ್ಲಿ, ಹಿಮ್ಮಡಿಯ ಪಕ್ಕ, ಒಂದು ಕಪ್ಪು ಕಲೆ ಎದ್ದಿದೆ. ಮೊದಲು ಪೆನ್ನಿನ ಚುಕ್ಕೆಯಷ್ಟಿತ್ತು, ಈಗ ಅಂಗಿಯ ಗುಂಡಿಯಷ್ಟಾಗಿದೆ, ಅಂಚು ಸೊಟ್ಟಪಟ್ಟ. ನಿನ್ನೆ ಒರೆಸಿದ ನೆಲದ ಮೇಲೆ ರಕ್ತದ ಗುರುತು ಬಿತ್ತು. ಅವರಿಗೆ ತೋರಿಸಿದೆ. ಟಾರ್ಚು ಹಾಕಿ ನೋಡಿ, ಎಷ್ಟೋ ದಿನಗಳ ಮೇಲೆ ನಕ್ಕರು. ಬಿಸಿಲು ಬೀಳದ ಜಾಗ ಕಣೇ, ಅಲ್ಲಿ ಏನೂ ಆಗಲ್ಲ ಎಂದರು. ಆದರೆ ಅತ್ತೆ, ಆ ದಿನ ಅವರು ಆಟೋ ಹುಡುಕಲು ಎದ್ದು ಹೋದ ಮೇಲೆ ಡಾಕ್ಟರು ನನಗೆ ಹೇಳಿದ್ದರು: ನಮ್ಮಂಥ ಬಣ್ಣದವರು ಅಂಗಾಲು, ಅಂಗೈ, ಉಗುರಿನ ಕೆಳಗೂ ನೋಡ್ಕೋಬೇಕು, ಅಲ್ಲಿ ಬರೋದಕ್ಕೆ ಬಿಸಿಲು ಬೇಕಾಗಿಲ್ಲ. ಇದನ್ನು ಅವರಿಗೆ ಹೇಳಲು ನನ್ನಿಂದ ಆಗುತ್ತಿಲ್ಲ. ಕತ್ತಲೂ ಕಾಪಾಡುವುದಿಲ್ಲ ಎಂದು ಗೊತ್ತಾದರೆ ಅವರಿಗೆ ಹಿಡಿದುಕೊಳ್ಳಲು ಉಳಿಯುವುದೇನು? ಆದರೆ ನಾನೂ ಬದುಕಬೇಕು. ಡಾಕ್ಟರು ಕೂರುವುದು ಬೆಳಗಿನ ಹೊತ್ತು ಮಾತ್ರ. ಮೊದಲು ಸಿಕ್ಕ ಬಸ್ಸಿಗೆ ಬನ್ನಿ.