ಕಿವಿ ಮುಟ್ಟಿ ಹುಟ್ಟಿದವನ ಮೇಲೆ ಸರ್ಕಾರದ ಮೇಲ್ಮನವಿ

ವೀಸಾ ಇಲಾಖೆಯ ಮುಖ್ಯಸ್ಥರೇ,

ಕೋರ್ಟಿನಲ್ಲಿ ಗೆದ್ದವನು ನಾನು, ಸೋತವರು ನೀವು. ಆದರೂ ಗಂಟುಮೂಟೆ ಕಟ್ಟಬೇಕೋ ಬೇಡವೋ ಎಂದು ಆರು ತಿಂಗಳಿಂದ ಕಾಯುತ್ತಿರುವವನು ನಾನೇ. ಇದು ಯಾವ ಸೀಮೆಯ ನ್ಯಾಯ? ಹತ್ತು ವರ್ಷ ಈ ದೇಶದಲ್ಲಿ ದುಡಿದ ಮೇಲೆ ಇಲ್ಲೇ ನೆಲೆಸಲು ಅನುಮತಿ ಕೇಳಿದೆ. ಹುಟ್ಟಿದ ದಿನಾಂಕದಲ್ಲಿ ವಂಚನೆ ಮಾಡಿದ್ದೇನೆಂದು ನನ್ನ ಅರ್ಜಿಯನ್ನು ತಿರಸ್ಕರಿಸಿದಿರಿ. ಮ್ಯಾಂಚೆಸ್ಟರಿನ ನ್ಯಾಯಮಂಡಳಿ ಆ ಆರೋಪವನ್ನು ಕಸದ ಬುಟ್ಟಿಗೆ ಹಾಕಿತು. ನೀವು ಬುಟ್ಟಿಗೆ ಕೈಹಾಕಿ ಅದನ್ನೇ ಎತ್ತಿಕೊಂಡು ಮೇಲಿನ ಮಂಡಳಿಗೆ ಓಡಿದ್ದೀರಿ.

ನನ್ನ ಅಪರಾಧ ಏನೆಂದು ಈ ಬಹಿರಂಗ ಪತ್ರದ ಓದುಗರೂ ಕೇಳಲಿ. ಪಾಸ್‌ಪೋರ್ಟಿನಲ್ಲಿ ನನ್ನ ಜನ್ಮದಿನ ಜೂನ್ ಒಂದು. ಗದಗ ಸೀಮೆಯ ನಮ್ಮೂರ ಶಾಲೆಗೆ ಅಪ್ಪ ಕರೆದೊಯ್ದಾಗ ಹೆಡ್‌ಮಾಸ್ತರರು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದರು. ಮುಟ್ಟಿದೆ. ಮುಟ್ಟಿದವನಿಗೆ ಆರು ವರ್ಷ ತುಂಬಿತೆಂದೇ ಅರ್ಥ. ಶಾಲೆ ಶುರುವಾಗುವ ಜೂನ್ ಒಂದೇ ಅವನು ಹುಟ್ಟಿದ ದಿನ. ಆ ವರ್ಷ ಒಂದನೇ ಇಯತ್ತೆಗೆ ಸೇರಿದ ಮೂವತ್ತೆಂಟು ಮಕ್ಕಳೂ ಹೀಗೆ ಒಟ್ಟಿಗೇ ಹುಟ್ಟಿದೆವು! ಅವ್ವ ನನ್ನನ್ನು ಹೆತ್ತದ್ದು ಶೀಗಿ ಹುಣ್ಣಿಮೆಯ ಮರುದಿನ. ಮನೆಯಲ್ಲಿ ಆರತಿ, ಹೋಳಿಗೆ ಎಲ್ಲಾ ಆವತ್ತೇ. ಹುಣ್ಣಿಮೆ ನಿಮ್ಮ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ. ನನ್ನ ಹೆಂಡತಿ ನೀಲಮ್ಮ ಈ ಹುಟ್ಟುಹಬ್ಬದ ಫೋಟೋಗಳನ್ನು ಫೇಸ್‌ಬುಕ್ಕಿಗೆ ಹಾಕಿದಳು: ಒಂದು ವರ್ಷ ಅಕ್ಟೋಬರ್ ಹತ್ತು, ಮರುವರ್ಷ ಇಪ್ಪತ್ತೊಂಬತ್ತು, ಅದರ ಮರುವರ್ಷ ಹದಿನೆಂಟು. ನಿಮ್ಮ ಅಧಿಕಾರಿ ಮಹಾಶಯರು ಮೂರೂ ಫೋಟೋಗಳನ್ನು ಪಾಸ್‌ಪೋರ್ಟಿನ ಪಕ್ಕ ಜೋಡಿಸಿ ನನ್ನೊಬ್ಬನಲ್ಲೇ ನಾಲ್ಕು ಮಂದಿ ಸೋಮಲಿಂಗಪ್ಪರನ್ನು ಪತ್ತೆಹಚ್ಚಿದರು. ಈ ಚುರುಕು ನಿಮ್ಮ ಕಚೇರಿಯ ಫೋನ್ ಎತ್ತುವಾಗ ಎಲ್ಲಿ ಹೋಗಿರುತ್ತದೆ?

ತಿರಸ್ಕಾರದ ಪತ್ರ ಓದಿ ನೀಲಮ್ಮ ಮೊದಲು ನಕ್ಕಳು. “ಜೂನ್ ಒಂದರಾವರೆಲ್ಲಾ ಸುಳ್ಳರಂದ್ರ, ನಮ್ಮೂರಾಗ ಖರೇ ಹುಟ್ಟಿದಾವು ಎಮ್ಮಿ ಅಷ್ಟ ನೋಡ್ರಿ!” ಆಮೇಲೆ ಎರಡನೇ ಪುಟ ತಿರುವಿದಳು. ದೇಶ ಬಿಡಬೇಕು ಎಂಬ ಸಾಲು ಅಲ್ಲಿತ್ತು.

ವಿಚಾರಣೆಯಲ್ಲಿ ನಿಮ್ಮ ವಕೀಲರು ಕನ್ನಡಕ ಏರಿಸಿ ಕೇಳಿದರು: “ಒಬ್ಬ ಮನುಷ್ಯನಿಗೆ ಎಷ್ಟು ಹುಟ್ಟುಹಬ್ಬ ಇರಬಹುದು?”

“ನಿಮ್ಮ ಅರಸರಿಗೆ ಎರಡಿವೆ ಸ್ವಾಮಿ. ಹುಟ್ಟಿದ್ದು ನವೆಂಬರಿನಲ್ಲಿ, ಮೆರವಣಿಗೆ ಜೂನ್‌ನಲ್ಲಿ.”

“ಅರಸರು ಈ ಮಂಡಳಿಯ ಮುಂದೆ ಅರ್ಜಿ ಹಾಕಿಲ್ಲ!”

“ಹೇಗೆ ಹಾಕುತ್ತಾರೆ? ಅವರಿಗೆ ವೀಸಾ ಬೇಕಿಲ್ಲವಲ್ಲ.”

ನ್ಯಾಯಾಧೀಶರು ನೀರು ಕುಡಿಯುವ ನೆಪದಲ್ಲಿ ಮುಖ ಮುಚ್ಚಿಕೊಂಡರು.

ಇನ್ನೊಂದು ವಿಷಯ. ನನ್ನ ಕೆಲಸ ಬರ್ಚ್‌ವುಡ್‌ನಲ್ಲಿ. ಅಣುತ್ಯಾಜ್ಯ ತುಂಬಿಡುವ ತೊಟ್ಟಿಯ ಗೋಡೆ ಎಷ್ಟು ದಪ್ಪ ಇರಬೇಕೆಂದು ನಕ್ಷೆ ನೋಡಿ ಹೇಳುವವನು ನಾನು. ಅದಕ್ಕಾಗಿ ನಿಮ್ಮದೇ ಸರ್ಕಾರದ ಇನ್ನೊಂದು ಕಚೇರಿ ನನ್ನ ಜಾತಕವನ್ನೆಲ್ಲ ಜಾಲಾಡಿ, ಇದೇ ಜೂನ್ ಒಂದನ್ನು ಒಪ್ಪಿ, ಭದ್ರತಾ ಪಾಸು ಕೊಟ್ಟಿದೆ. ಅಂದರೆ ಈ ದೇಶದ ವಿಷವನ್ನು ನನ್ನ ಕೈಗೆ ಒಪ್ಪಿಸಬಹುದು, ಹೋಳಿಗೆ ತಿನ್ನುವ ದಿನಾಂಕವನ್ನು ಒಪ್ಪಿಸಲಾಗದು! ತಿಂಗಳಿಗೊಮ್ಮೆ ಕಂಪನಿಯವರು ಕರೆದು ಕೇಳುತ್ತಾರೆ: “ನೀವು ಇನ್ನೂ ಇರ್ತೀರಾ?” ಇರುತ್ತೇನೆಂದು ನ್ಯಾಯಾಲಯ ಹೇಳಿದೆ. ಇಲ್ಲವೆಂದು ನೀವು ಹೇಳುತ್ತಿದ್ದೀರಿ. ನಾನು ಯಾರ ಮಾತು ಹೇಳಲಿ?

ಮೊನ್ನೆ ಟಿವಿಯಲ್ಲಿ ನಿಮ್ಮ ಮಂತ್ರಿಗಳು ಗುಡುಗಿದರು: ವಲಸಿಗರು ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕಿ ಕೋರ್ಟುಗಳನ್ನು ಉಸಿರುಗಟ್ಟಿಸುತ್ತಿದ್ದಾರಂತೆ. ಶಹಬ್ಬಾಸ್! ಗೆದ್ದು ಮನೆಗೆ ಬಂದವನನ್ನು ಮತ್ತೆ ಕೋರ್ಟಿಗೆ ಎಳೆದವರು ಯಾರು? ಕಾನೂನು ಗೌರವಿಸಿ ಎಂದು ನಮಗೆ ಕೈಪಿಡಿ ಹಂಚುವ ಸರ್ಕಾರ, ತೀರ್ಪು ತನಗೆ ಹಿಡಿಸದಿದ್ದರೆ ನ್ಯಾಯಾಧೀಶರಿಗೇ ಕಾನೂನು ಗೊತ್ತಿಲ್ಲ ಎನ್ನುತ್ತದೆ. ಕಾಲೇಜು ದಿನಗಳಲ್ಲಿ ಧಾರವಾಡದ ಬೀದಿಗಳಲ್ಲಿ ಧಿಕ್ಕಾರ ಕೂಗಿ ಬೆಳೆದ ಗಂಟಲು ನನ್ನದು. ಇಲ್ಲಿ ಕಂಡಕಂಡವರಿಗೆ ‘ಸಾರಿ’ ಹೇಳಿ ಹೇಳಿ ಅದು ಸವೆದುಹೋಗಿತ್ತು. ಮತ್ತೆ ಸಾಣೆ ಹಿಡಿದು ಕೊಟ್ಟಿದ್ದೀರಿ, ಅದೊಂದಕ್ಕೆ ವಂದನೆಗಳು.

ಕಳೆದ ಭಾನುವಾರ ನಿಮ್ಮ ಮೇಲ್ಮನವಿಯ ಪ್ರತಿ ಮೇಜಿನ ಮೇಲಿತ್ತು. ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಮಗಳು ಶ್ರಾವ್ಯ ಅದನ್ನು ಬೆರಳಿಟ್ಟು ಓದಿದಳು. “ಅಪ್ಪಾ, ಯು ವನ್, ರೈಟ್?” ಹೌದು ಎಂದೆ. “ದೆನ್ ವೈ ಆರ್ ದೇ ಸ್ಟಿಲ್ ಕ್ರಾಸ್?” ಸೋತವರಿಗೆ ಇನ್ನೂ ಯಾಕೆ ಸಿಟ್ಟು ಎಂದು ಅವಳ ಪ್ರಶ್ನೆ. ನಾನು ಆ ಪ್ರತಿಯನ್ನು ಮಡಚಿ ಲಕೋಟೆಗೆ ಹಾಕಿದೆ. ಕೊನೆಗೆ ಅವಳೇ, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: “ನಿಮ್ಮನ್ನ ಕಳ್ಸಿದ್ರೆ ನಾನೂ ಬರ್ಬೇಕಾ?”

ನಿಮ್ಮ ವಕೀಲರ ಪ್ರತಿ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು. ಆದ್ದರಿಂದ ನನ್ನ ಬೇಡಿಕೆ ಇದು: ಮೇಲ್ಮನವಿಯನ್ನು ಹಿಂತೆಗೆದುಕೊಳ್ಳಿ. ತೆಗೆದುಕೊಳ್ಳುವುದಿಲ್ಲವೆಂದಾದರೆ, ಮೇಲ್ಮನವಿ ಹಾಕಲು ನಮಗೆ ನೀವು ಕೊಡುವ ಹದಿನಾಲ್ಕು ದಿನಗಳೊಳಗೆ ಅವಳಿಗೆ ನೀವೇ ಉತ್ತರ ಬರೆಯಿರಿ. ಕಾನೂನಿನ ಕಲಮು, ಉಪಕಲಮು ಯಾವುದೂ ಬೇಡ. ಒಂಬತ್ತು ವರ್ಷದ ಹುಡುಗಿಗೆ ಅರ್ಥವಾಗುವಂತಿರಲಿ, ಕೆಳಗೆ ನಿಮ್ಮ ಸ್ವಂತ ಹೆಸರು ಇರಲಿ.

ಇಂತಿ,
ಗೆದ್ದ ತಪ್ಪಿಗೆ ಇನ್ನೂ ಕಟಕಟೆಯಲ್ಲಿರುವ
ಸೋಮಲಿಂಗಪ್ಪ
ಸ್ಟಾಕ್‌ಪೋರ್ಟ್