ಕಡಿತಕ್ಕೆ ಇನ್ನೊಂದು ಹೆಸರು

೩ ಮಾರ್ಚ್ ೧೯೫೪
ಇವತ್ತೂ ೮.೧೨ರ ಲೋಕಲ್ ರೈಲು ತಪ್ಪಿತು. ಬೆವರುತ್ತ ಫೋರ್ಟಿನ ಆಫೀಸು ಮುಟ್ಟಿದೆ. ಮೇಜಿನ ಮೇಲೆ ಇಂಗ್ಲಿಷಿನ ಸರ್ಕಾರಿ ಪ್ರಕಟಣೆ. ಕನ್ನಡಕ್ಕೆ ತರಬೇಕು — ಏಳು ವರ್ಷದಿಂದ ಅದೇ ಕೆಲಸ. ವಯಸ್ಕರ ಶಿಕ್ಷಣದ ಖರ್ಚು ಇಳಿಸುತ್ತಾರಂತೆ. ‘ಕಡಿತ’ ಎಂದು ಬರೆದೆ. ನಮ್ಮ ಹೆಡ್ಡು, ಧಾರವಾಡದ ನೀಲಕಂಠಪ್ಪನವರು, ಕೆಂಪು ಗೆರೆ ಎಳೆದರು.

“ಕಡಿತ ಅಂದ್ರ ಮಂದಿ ಗದ್ದಲಾ ಮಾಡ್ತಾರ್ರೀ. ಛಲೋದೊಂದು ಶಬ್ದ ಹುಡುಕ್ರಿ, ಶಾಮಣ್ಣ.”

ಹುಡುಕಿದೆ. ‘ವೆಚ್ಚದ ಸುವ್ಯವಸ್ಥೆ.’ ಬೆನ್ನು ತಟ್ಟಿದರು. ನನಗೂ ಖುಷಿಯೇ ಆಯಿತು, ಸುಳ್ಳೇಕೆ.

೪ ಮಾರ್ಚ್
ರಮಾಮಣಿಗೆ ಹೇಳಲಿಲ್ಲ. ಮಾಟುಂಗದ ನಮ್ಮ ಚಾಳಿನ ಕೆಳಗಿನ ಖೋಲಿಯಲ್ಲಿ ಹೆಂಗಸರ ಅಕ್ಷರದ ಕ್ಲಾಸು ನಡೆಸುವವಳು ನನ್ನ ಹೆಂಡತಿಯೇ. ಬಾಡಿಗೆ, ಸ್ಲೇಟು, ಸೀಮೆಸುಣ್ಣ ಎಲ್ಲ ಸರ್ಕಾರದ ಗ್ರಾಂಟು. ಪ್ರಕಟಣೆಯಲ್ಲಿ ಯಾವ ಕ್ಲಾಸಿನ ಹೆಸರೂ ಇಲ್ಲ. ನಮ್ಮದಕ್ಕೆ ಏನೂ ಆಗದು...

ಅಮ್ಮನ ನೆನಪು ಬಹಳ ಬಂತು. ’೪೯ರಲ್ಲಿ, ಅರವತ್ತು ದಾಟಿದ ಮೇಲೆ, ಇದೇ ಕ್ಲಾಸಿನಲ್ಲಿ ಸೊಸೆಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತಳು. ಮೈಸೂರಿನ ಹಿರಿಯಣ್ಣ ಮಾವನಿಗೆ ಅವಳ ಮೊದಲ ಕಾರ್ಡು: “ಇಲ್ಲಿ ಮಳೆ. ಇವತ್ತು ಹುರುಳಿಕಾಯಿ ಹುಳಿ. ನಾನೇ ಬರೆದದ್ದು.” ಮಧ್ಯಾಹ್ನ ಹೆಂಗಸರು ಕಾಗುಣಿತ ಹೇಳುವುದು ಬೀದಿ ತುದಿಯವರೆಗೂ ಕೇಳುತ್ತಿತ್ತು. ಎಂಥ ದಿನಗಳು ಅವು! ಅಮ್ಮ ಹೋಗಿ ಎರಡು ವರ್ಷ.

೨೧ ಮಾರ್ಚ್, ಭಾನುವಾರ
ಕನ್ನಡ ಸಂಘದ ಸಭೆ. ಪೇಪರಿನಲ್ಲಿ ಬಂದ ಪ್ರಕಟಣೆಯನ್ನು ಕಾರ್ಯದರ್ಶಿ ಸದಾನಂದರು ಗಟ್ಟಿಯಾಗಿ ಓದಿದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಸುವ್ಯವಸ್ಥೆಗಾಗಿ ಸರ್ಕಾರಕ್ಕೆ ಅಭಿನಂದನೆ — ಠರಾವು ಪಾಸು! ರಮಾಮಣಿಯೂ ಚಪ್ಪಾಳೆ ತಟ್ಟಿದಳು. ನನ್ನ ಕೈ ಏಳಲಿಲ್ಲ.

೨ ಏಪ್ರಿಲ್, ಸಂಜೆ
ಕ್ಲಾಸಿನ ಬಾಗಿಲಿಗೆ ನೋಟೀಸು: ‘ವೆಚ್ಚದ ಸುವ್ಯವಸ್ಥೆಗೆ ಈ ವರ್ಗವೂ ಒಳಪಟ್ಟಿದೆ.’ ಉಡುಪಿ ಕಡೆಯ ಸೇವಂತಿ, ಹೋದ ವರ್ಷ ಸೇರಿದವಳು, ಬೆರಳಿಟ್ಟು ಓದಿದಳು. ಒಂದಕ್ಷರ ತಪ್ಪಲಿಲ್ಲ. ನಗುನಗುತ್ತ ತಿರುಗಿದಳು.

“ಸುವ್ಯವಸ್ಥೆ ಅಂದ್ರೆ ಒಳ್ಳೇದೇ ಅಲ್ವಾ ಟೀಚರೇ? ನಾಳೆ ಕ್ಲಾಸ್ ಉಂಟಲ್ಲ?”

“ಇಲ್ಲ ಕಣಮ್ಮ,” ಎಂದಳು ರಮಾಮಣಿ. “ಮುಚ್ಚಿಬಿಟ್ರು.”

“ಮತ್ತೆ ಹಾಗೇ ಬರೀಬಹುದಿತ್ತಲ್ಲ ಮಾರಾಯ್ರೆ, ಮುಚ್ಚಿದ್ದೇವೆ ಅಂತ. ನಂಗೆ ಓದ್ಲಿಕ್ಕೆ ಬರ್ತದಲ್ಲ.”

ಪಕ್ಕದಲ್ಲೇ ನಿಂತಿದ್ದೆ. ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

೪ ಏಪ್ರಿಲ್, ಭಾನುವಾರ
ಹೆಂಗಸರೆಲ್ಲ ಸೇರಿ ಮನವಿ ಬರೆಯುತ್ತಿದ್ದಾರೆ. ಸದಾನಂದರು ಸಂಘದ ಸಹಿ ಕೊಡಲೊಲ್ಲರು — ಅಭಿನಂದನೆ ಕಳಿಸಿದ ಮೇಲೆ ದೂರುವುದು ಹೇಗೆ ಎನ್ನುತ್ತಾರೆ. ಸರ್ಕಾರದವರು ಕಡಿತವನ್ನು ಬೇಕೆಂದೇ ಮರೆಮಾಚಿದರು ಎನ್ನಲು ಯಾರಾದರೂ ಸಾಕ್ಷಿ ಬೇಕಂತೆ. ಸಾಕ್ಷಿ ಹೇಳಿದರೆ ನನ್ನ ನೌಕರಿ ಹೋದೀತು.

ಈಗ ರಮಾಮಣಿ ಕಾಫಿ ತಂದಿಟ್ಟು ಎದುರೇ ಕೂತಿದ್ದಾಳೆ.

“ಏನ್ರೀ, ನಿಮ್ಮ ಆಫೀಸ್ನಲ್ಲಿ ಯಾರ್ರೀ ಈ ಪದ ಹಾಕಿದ್ದು?”

ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೇನೆ. ಮೊದಲು ‘ಕಡಿತ’ ಎಂದೇ ಬರೆದಿದ್ದೆ ಎಂದು ಶುರು ಮಾಡಲೇ? ಬೇಡ, ಅದೂ ಬಣ್ಣ ಬಳಿದ ಮಾತೇ. ನೇರವಾಗಿ ಹೇಳಿಬಿಡುತ್ತೇನೆ — ರಮಾ, ಅದು ನಾನೇ ಹಾಕಿದ್ದು. ಇಗೋ, ಪೆನ್ನು ಕೆಳಗಿಟ್ಟೆ.